ನೆತ್ತರುಗೊಡಗೆಯ ಹೊಲ: ಕೋಲಾರ ಸೀಮೆಯ ಕಲ್ಲುಗಳ ನಡುವೆ ಮೂರು ದಿನ

ಮೊದಲ ದಿನ: ಮಾಲೂರು, ಮಾಸ್ತಿ

ಮಾಲೂರು ರೈಲು ನಿಲ್ದಾಣದಿಂದ ಹೊರಗೆ ಬಂದಾಗ ಏಳೂವರೆ. ಸಂಕ್ರಾಂತಿ ಮುಗಿದು ವಾರ ಕಳೆದಿತ್ತು. ಹೆಂಚಿನ ಕಾರ್ಖಾನೆಗಳ ಚಿಮಣಿಗಳು ಸೊಂಟದಿಂದ ಮೇಲೆ ಮಂಜಿನಲ್ಲಿ ಮಾಯವಾಗಿದ್ದವು. ಬಸ್ ನಿಲ್ದಾಣದ ಪಕ್ಕ ಗೋಣಿತಾಟಿನ ಮೇಲೆ ಅವರೆಕಾಯಿ ಸುರಿದಿದ್ದರು. ಹೆಂಗಸರು ಒಂದೊಂದು ಕಾಯಿ ಎತ್ತಿ ಮೂಸಿ ನೋಡಿ ಕೊಳ್ಳುತ್ತಿದ್ದರು. ಮುಟ್ಟಿದರೆ ಬೆರಳಿಗೆ ಜಿಡ್ಡು ಹತ್ತಬೇಕು, ಅದು ಸೊಗಡು ಕಾಯಿ. ಹತ್ತದಿದ್ದರೆ ಎಷ್ಟೇ ಹಸಿರಾಗಿದ್ದರೂ ಸಾರಿಗೆ ರುಚಿ ಬರದು.

ಈ ತಿರುಗಾಟಕ್ಕೆ ಜನವರಿ ಒಳ್ಳೆಯದು ಅನ್ನುವುದಕ್ಕೆ ಅವರೆಕಾಯಿಯಷ್ಟೇ ಕಾರಣವಲ್ಲ. ನೋಡಲು ಹೊರಟಿದ್ದು ಕಾದಿ ಸತ್ತವರಿಗೆ ನೆಟ್ಟ ವೀರಗಲ್ಲು, ಗಂಡನ ಚಿತೆಯೇರಿದವರಿಗೆ ನೆಟ್ಟ ಮಾಸ್ತಿಕಲ್ಲುಗಳನ್ನು. ಬಯಲಲ್ಲಿ ಮಳೆ ಗಾಳಿಗೆ ಸವೆದ ಕಲ್ಲಿನ ಮೇಲೆ ಬಿಸಿಲು ಅಡ್ಡಲಾಗಿ ಬಿದ್ದರೆ ಮಾತ್ರ ಗೆರೆಗಳು ಏಳುತ್ತವೆ. ಬೆಳಗ್ಗೆ ಒಂಬತ್ತರೊಳಗೆ, ಸಂಜೆ ನಾಲ್ಕೂವರೆ ಮೇಲೆ. ನಡು ಹಗಲಲ್ಲಿ ಹೋದರೆ ಎದುರಿಗೆ ಬರೀ ಬಂಡೆ ಕಾಣುತ್ತದೆ. ಕಲ್ಲು ಯಾವ ದಿಕ್ಕಿಗೆ ಮುಖ ಮಾಡಿದೆ ಅನ್ನುವುದನ್ನು ಊರಿನವರಿಂದ ಮೊದಲೇ ಕೇಳಿಕೊಂಡರೆ ಅರ್ಧ ದಿನ ಉಳಿಯುತ್ತದೆ. ಪೂರ್ವಕ್ಕೆ ತಿರುಗಿದ್ದನ್ನು ಬೆಳಗ್ಗೆ, ಪಶ್ಚಿಮದ್ದನ್ನು ಸಂಜೆ. ಉತ್ತರಕ್ಕೆ ಮುಖ ಮಾಡಿದ್ದರೆ ಟಾರ್ಚ್ ಬೇಕೇ ಬೇಕು.

ಮಾಲೂರಿನಿಂದ ದಕ್ಷಿಣಕ್ಕೆ ಮಾಸ್ತಿಯ ದಾರಿ. ಎರಡೂ ಕಡೆ ನೀಲಗಿರಿ ತೋಪು, ನಡುನಡುವೆ ಹಸಿರುಮನೆಗಳ ಬಿಳಿ ಪ್ಲಾಸ್ಟಿಕ್ಕು, ಕಣದಲ್ಲಿ ರಾಗಿ ಹುಲ್ಲಿನ ಬಣವೆ. ಮಾಸ್ತಿ ಅಂದರೆ ಮಹಾಸತಿ. ಗಂಡನ ಚಿತೆಯೇರಿದ ಒಬ್ಬ ಹೆಣ್ಣಿಗೆ ಕಟ್ಟಿದ ಗುಡಿಯಿಂದ ಊರಿಗೇ ಆ ಹೆಸರು ನಿಂತಿತು. ಕನ್ನಡಿಗರಿಗೆ ಊರು ಪರಿಚಯವಾಗಿರುವುದು ಸಾಹಿತ್ಯದಿಂದ. ಹೆಸರಿನ ಒಳಗೆ ಒಂದು ಚಿತೆ ಇದೆ ಅನ್ನುವುದು ನೆನಪಾಗುವುದು ಕಡಿಮೆ.

ನಾವು ಹತ್ತಿರದಿಂದ ನೋಡಿದ ಮಾಸ್ತಿಕಲ್ಲು ಇದ್ದದ್ದು ದಾರಿಯಲ್ಲಿ ಸಿಗುವ ಒಂದು ಹಳ್ಳಿಯ ಹುಣಸೆ ತೋಪಿನಲ್ಲಿ. ನೆಲದ ಮೇಲೆ ಮೂರೂವರೆ ಅಡಿ ಎತ್ತರ. ಕಂಬದ ಮೈಯಿಂದ ಒಂದು ತೋಳು ಹೊರಟು, ಮೊಣಕೈಯಲ್ಲಿ ನೇರ ಮಡಿಚಿ, ಅಂಗೈ ಬಿಚ್ಚಿ ಮೇಲೆತ್ತಿ ನಿಂತಿದೆ. ಬೆರಳುಗಳು ಒತ್ತಾಗಿ ಕೂಡಿವೆ, ಹೆಬ್ಬೆರಳ ಸಂದಿಯಲ್ಲಿ ನಿಂಬೆಹಣ್ಣು. ಮುಂಗೈ ಮೇಲೆ ಬಳೆಗಳ ಏಣು. ಬೆರಳಿಟ್ಟು ಎಣಿಸಿದರೆ ಏಳು ಸಿಕ್ಕವು, ಎಂಟನೆಯದರ ಜಾಗದಲ್ಲಿ ಚೂರು ಎದ್ದುಹೋಗಿದೆ. ಕಲ್ಲು ಹೇಳುತ್ತಿರುವುದೆಲ್ಲ ಆ ಬಳೆಗಳಲ್ಲಿದೆ. ಗಂಡ ಸತ್ತರೆ ಬಳೆ ಒಡೆಯುತ್ತಾರೆ. ಇವಳ ಬಳೆ ಒಡೆದಿಲ್ಲ, ಅಂದರೆ ಇವಳು ಮುತ್ತೈದೆಯಾಗಿಯೇ ಹೋದಳು. ಹಳೆಯ ಶಾಸನಗಳು ಇದನ್ನೇ ‘ತೋಳು ಕೈ ಕೊಟ್ಟು’ ಎಂದು ಹೇಳುತ್ತವೆ.

ಕೆಳಗಿನ ಗೂಡಿನಲ್ಲಿ ಗಂಡ ಹೆಂಡತಿ ನಿಂತ ಚಿತ್ರ. ಅಂತಸ್ತು ತಿಳಿಯುವುದು ಇಲ್ಲಿ. ಗಂಡ ಕುದುರೆ ಮೇಲಿದ್ದರೆ, ತಲೆಯ ಮೇಲೆ ಛತ್ರಿಯಿದ್ದರೆ, ಪಕ್ಕದಲ್ಲಿ ಚಾಮರದವರಿದ್ದರೆ ಪಾಳೆಯಗಾರನ ಮನೆಯೋ ನಾಡಗೌಡನ ಮನೆಯೋ ಇರಬೇಕು. ಈ ಕಲ್ಲಿನ ಗಂಡ ಬರಿಗಾಲಲ್ಲಿ, ಸೊಂಟದಲ್ಲಿ ಒಂದು ಕಠಾರಿ ಸಿಕ್ಕಿಸಿ ನಿಂತಿದ್ದಾನೆ. ಶಿಲ್ಪಿಗೆ ಕೊಟ್ಟ ಕೂಲಿಯೂ ಕಲ್ಲಿನಲ್ಲಿ ಗೊತ್ತಾಗುತ್ತದೆ: ಸಿರಿವಂತರ ಕಲ್ಲಿನಲ್ಲಿ ಉಬ್ಬು ಎರಡು ಮೂರು ಬೆರಳು ಆಳ, ಬಡವರದ್ದರಲ್ಲಿ ಉಗುರಿನಷ್ಟು. ಈ ಸೀಮೆಯ ತೋಳಿನ ಕಲ್ಲುಗಳು ಹೆಚ್ಚಾಗಿ ವಿಜಯನಗರ ಮತ್ತು ಪಾಳೆಯಗಾರರ ಕಾಲದವು. ಬಹುಪಾಲಿಗೆ ಬರಹವೇ ಇಲ್ಲ.

ಅಲ್ಲಿ ಗುಡಿಸುತ್ತಿದ್ದ ಒಬ್ಬ ಅಜ್ಜಿ ಪೊರಕೆ ಬದಿಗಿಟ್ಟು ಬಂದರು. ಮದುವೆಗೆ ಬಳೆ ತೊಡಿಸುವ ದಿನ ಮೊದಲ ಜೊತೆ ಮಾಸ್ತಮ್ಮನ ಕೈಗೆ ಏರಿಸಿ ಆಮೇಲೆ ಹುಡುಗಿಗಂತೆ. ಕಲ್ಲಿನ ಬುಡದಲ್ಲಿ ಹಸಿರು ಗಾಜಿನ ಚೂರು ರಾಶಿ ಬಿದ್ದಿತ್ತು.

“ಆಯಮ್ಮನ ಹೆಸರೇನಜ್ಜಿ?”

“ಮಾಸ್ತಮ್ಮ.”

“ಅದು ದೇವರಾದ ಮೇಲೆ. ಹುಟ್ಟಿದಾಗ ಇಟ್ಟಿದ್ದು?”

“ಅದ್ಯಾರಿಗ್ ಗೊತ್ತಪ್ಪ? ಬೆಂಕೀಲೇ ಹೋಯ್ತು.”

“ಬಳೆ ನೀವೂ ಏರಿಸ್ತೀರ?”

“ನಾನ್ ಏರಿಸ್ಬಾರ್ದು. ಗುಡಿಸ್ತೀನಿ, ನೀರ್ ಹಾಕ್ತೀನಿ. ಬಳೆ ಮುತ್ತೈದೇರ್ ಇಡ್ತಾರೆ.”

ಅವರ ಹಣೆಯಲ್ಲಿ ಕುಂಕುಮವಿರಲಿಲ್ಲ. ನಲವತ್ತು ವರ್ಷದಿಂದ ಆ ಕಟ್ಟೆಯನ್ನು ಗುಡಿಸುತ್ತಿರುವವರು ಅವರೇ.

ಬರಹವಿರುವ ಕಲ್ಲುಗಳಲ್ಲಿ ಕೋಲಾರದ್ದಲ್ಲದಿದ್ದರೂ ಹೇಳಲೇಬೇಕಾದದ್ದು ಹೆಗ್ಗಡದೇವನಕೋಟೆ ತಾಲ್ಲೂಕಿನ ಬೆಳತೂರಿನದು, 1057ರದ್ದು. ಒಬ್ಬ ನಾಡೊಡೆಯನ ಮಗಳು ದೇಕಬ್ಬೆ. ಗಂಡ ಏಚನಿಗೆ ಚೋಳ ಅರಸ ಮರಣದಂಡನೆ ಕೊಟ್ಟ ಸುದ್ದಿ ಬಂದಾಗ ಅವಳು ಬೆಂಕಿಗೆ ಹೊರಡುತ್ತಾಳೆ. ತಂದೆ ತಾಯಿ ಬೇಡವೆಂದು ತಡೆಯುತ್ತಾರೆ, ಬಂಧುಗಳು ಕಾಲು ಹಿಡಿಯುತ್ತಾರೆ, ಅವಳು ಕೇಳುವುದಿಲ್ಲ. ಶಾಸನ ಅವಳನ್ನು ಹಾಡಿ ಹೊಗಳುತ್ತದೆ. ಆದರೂ ಆ ತಂದೆ ತಾಯಿಯ ‘ಬೇಡ’ ಅನ್ನುವ ಮಾತನ್ನು ಬರೆಯದೆ ಬಿಡಲು ಕವಿಗೆ ಆಗಲಿಲ್ಲ. ಒಂದು ಮನೆಯವರೆಲ್ಲ ಒಪ್ಪಿ ಕಳಿಸುತ್ತಿದ್ದರು ಎಂದು ಇಂದು ಸಲೀಸಾಗಿ ಹೇಳುವವರು ಆ ಕಲ್ಲನ್ನು ಓದಬೇಕು.

ಮಾಸ್ತಿಯಲ್ಲಿ ಮಧ್ಯಾಹ್ನದ ಊಟ ಮುದ್ದೆ, ಹಿದುಕಿದ ಅವರೆಯ ಸಾರು. ಸಂಜೆ ಕೋಲಾರದಲ್ಲಿ ತಂಗಿದೆವು.

ಎರಡನೆಯ ದಿನ: ಮುಳಬಾಗಿಲು, ಆವಣಿ

ಕೋಲಾರ ಗಂಗರ ಹಳೆಯ ರಾಜಧಾನಿ. ತಲಕಾಡಿಗೆ ಹೋದಮೇಲೂ ಅವರು ‘ಕುವಲಾಲಪುರವರೇಶ್ವರ’, ಅಂದರೆ ಕೋಲಾರದ ಒಡೆಯ ಅನ್ನುವ ಬಿರುದು ಬಿಡಲಿಲ್ಲ. ಗಂಗರು, ಬಾಣರು, ನೊಳಂಬರು, ವೈದುಂಬರು ಈ ಸೀಮೆಗಾಗಿ ಹೊಡೆದಾಡಿದ್ದಕ್ಕೆ, ಆಮೇಲೆ ಚೋಳರು ಏರಿ ಬಂದದ್ದಕ್ಕೆ ಸಾಕ್ಷಿ ಕೋಟೆಗಳಿಗಿಂತ ಹೆಚ್ಚಾಗಿ ಕೆರೆ ಏರಿ ಮೇಲಿನ ಕಲ್ಲುಗಳು. ಸೋರೆಮಡಿ ಅನ್ನುವ ಒಂದೇ ಕಾಳಗದ ಹೆಸರು ಊರೂರಿನ ವೀರಗಲ್ಲುಗಳಲ್ಲಿ ಬರುತ್ತದೆ.

ಹೋಗುವ ಮುನ್ನ ಬಿ. ಎಲ್. ರೈಸ್ 1905ರಲ್ಲಿ ಅಚ್ಚು ಹಾಕಿಸಿದ ಶಾಸನಗಳ ಸಂಗ್ರಹ, ಎಪಿಗ್ರಾಫಿಯಾ ಕರ್ನಾಟಿಕಾದ ಹತ್ತನೆಯ ಸಂಪುಟ ನೋಡಿಕೊಳ್ಳುವುದು ಒಳ್ಳೆಯದು. ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾದದ್ದು 2007ರಲ್ಲಿ. ಹಾಗಾಗಿ ಚಿಂತಾಮಣಿ, ಬಾಗೇಪಲ್ಲಿ, ಗೌರಿಬಿದನೂರು, ಶಿಡ್ಲಘಟ್ಟದ ಕಲ್ಲುಗಳೂ ಇದೇ ಕೋಲಾರದ ಸಂಪುಟದಲ್ಲಿ ಸಿಗುತ್ತವೆ. ತಾಲ್ಲೂಕುವಾರು ನಂಬರು ಇದೆ. ಆಗ ‘ಊರ ಮುಂದೆ’ ಅಂತ ಬರೆದದ್ದು ಈಗ ಊರ ನಡುವೆ ಇರಬಹುದು, ಶಾಲೆಯ ಕಾಂಪೌಂಡಿನೊಳಗೂ ಇರಬಹುದು.

ಮುಳಬಾಗಿಲಿನಲ್ಲಿ ತುಪ್ಪ ಸುರಿದ ದಪ್ಪ ದೋಸೆ ತಿಂದು, ಎಂಟು ಗಂಟೆಗೆಲ್ಲ ಹೆದ್ದಾರಿಯಿಂದ ಒಳಗಿನ ಒಂದು ಕೆರೆ ಏರಿಗೆ ಹೋದೆವು. ಏರಿಯ ಕೋಡಿಯ ಹತ್ತಿರ ಮೂರು ಕಲ್ಲು. ಒಂದಕ್ಕೆ ಯಾರೋ ಭಕ್ತಿಯಿಂದ ಹಸಿರು ಎನಾಮಲ್ ಬಣ್ಣ ಬಳಿದಿದ್ದಾರೆ; ಅಕ್ಷರದ ಗುಳಿ ಮುಚ್ಚಿಹೋಗಿ ಅದು ಓದಲು ಬರುವ ಹಾಗಿಲ್ಲ. ಇನ್ನೊಂದು ಎದೆಮಟ್ಟ ಹೂಳಿನಲ್ಲಿದೆ. ಮೂರನೆಯದರ ಎದುರು ಕೂತು ನೀರು ಚಿಮುಕಿಸುತ್ತಿರುವಾಗ ಹಿಂದಿನಿಂದ ಗದರಿದ ದನಿ: “ಯಾರ್ರೀ ಅದು? ನಿಧಿ ಅಗಿಯೋಕ್ ಬಂದ್ರಾ?”

ಹೊಲದ ಯಜಮಾನರು. ಅವರ ಸಿಟ್ಟಿಗೆ ಕಾರಣವಿತ್ತು. ಅಮಾವಾಸ್ಯೆ ರಾತ್ರಿ ಯಾರೋ ಬಂದು ಹೂಳಿನಲ್ಲಿದ್ದ ಕಲ್ಲಿನ ಬುಡ ಬಗೆದು ಗುಂಡಿ ಹಾಗೇ ಬಿಟ್ಟು ಹೋಗಿದ್ದರಂತೆ, ಆ ಗುಂಡಿಗೆ ಇವರ ಕರು ಬಿದ್ದು ಕಾಲು ಮುರಿದುಕೊಂಡಿತಂತೆ. ವೀರಗಲ್ಲಿನ ಕೆಳಗೆ ನಿಧಿ ಇರುವುದಿಲ್ಲ. ಕಲ್ಲು ನೆಟ್ಟಗೆ ನಿಲ್ಲಲು ಹಾಕಿದ ಜಲ್ಲಿ, ಗುಂಡುಕಲ್ಲು ಇರುತ್ತವೆ, ಅದನ್ನು ಕಿತ್ತರೆ ಕಲ್ಲು ಮಲಗುತ್ತದೆ. ಹೊಸ ಊರಿಗೆ ಹೋದಾಗ ಮೊದಲು ಅರಳಿಕಟ್ಟೆಯಲ್ಲಿ ಕೂತವರಿಗೆ ಬಂದ ಕಾರಣ ಹೇಳಿ, ಸಾಧ್ಯವಾದರೆ ಊರಿನ ಒಬ್ಬರನ್ನು ಜೊತೆಗೆ ಕರೆದುಕೊಂಡೇ ಹೋಗಬೇಕು. ಹಾರೆ, ಗುದ್ದಲಿಯಂಥದ್ದು ಗಾಡಿಯಲ್ಲಿ ಇರಲೇಬಾರದು. ಓದಿ ತೋರಿಸಿದ ಮೇಲೆ ಯಜಮಾನರು ಮೆತ್ತಗಾಗಿ ತಾವೇ ಕೊಡದಲ್ಲಿ ನೀರು ತಂದರು.

ಓದುವ ಕ್ರಮ ಇಷ್ಟು. ತೆಂಗಿನ ನಾರಿನ ಬ್ರಷ್ಷಿನಿಂದ ಹಾವಸೆ, ಎಣ್ಣೆ ಜಿಡ್ಡು ತೆಗೆಯಬೇಕು; ಕಬ್ಬಿಣದ ಬ್ರಷ್ ಕೂಡದು, ಅದು ಅಕ್ಷರದ ಅಂಚನ್ನೇ ತಿನ್ನುತ್ತದೆ. ಕಲ್ಲು ಒದ್ದೆಯಿರುವಾಗ ಟಾರ್ಚನ್ನು ಮೈಗೆ ತಾಗುವಷ್ಟು ಹತ್ತಿರ, ಪಕ್ಕದಿಂದ ಹಿಡಿಯಬೇಕು. ಸೀಮೆಸುಣ್ಣದಿಂದ ಗೆರೆ ತುಂಬುವ ಅಭ್ಯಾಸ ಬೇಡ. ನಮ್ಮ ಕಣ್ಣು ಏನು ಅಂದುಕೊಂಡಿದೆಯೋ ಅದನ್ನೇ ಸುಣ್ಣ ಬರೆಯುತ್ತದೆ, ಮುಂದೆ ಬಂದವರು ಅದನ್ನೇ ಓದುತ್ತಾರೆ. ಗೊತ್ತಿರುವವರು ಪಡಿಯಚ್ಚು ತೆಗೆಯುತ್ತಾರೆ: ತೋಯಿಸಿದ ಕಾಗದವನ್ನು ಒದ್ದೆ ಕಲ್ಲಿಗೆ ಹಚ್ಚಿ, ನಡುವಿನಿಂದ ಅಂಚಿನ ಕಡೆಗೆ ಬ್ರಷ್ಷಿನಿಂದ ತಟ್ಟುತ್ತ ಗಾಳಿ ಹೊರಡಿಸಿ, ಕಾಗದ ಅರೆ ಒಣಗಿದಾಗ ಮಸಿಯ ಉಂಡೆಯಿಂದ ಮೆಲ್ಲಗೆ ಒತ್ತುವುದು. ಅಕ್ಷರ ಬೆಳ್ಳಗೆ, ಸುತ್ತ ಕಪ್ಪಗೆ ಬರುತ್ತದೆ. ಕಾಗದ ತೀರ ಹಸಿಯಿದ್ದರೆ ಮಸಿ ಹರಡುತ್ತದೆ, ತೀರ ಒಣಗಿದರೆ ಗಾಳಿಗೆ ಎದ್ದು ಹರಿಯುತ್ತದೆ.

ಮೂರು ಅಂತಸ್ತಿನ ಕಲ್ಲು. ಕೆಳಗೆ ಕಾಳಗ, ನಡುವೆ ಇಬ್ಬರು ಅಪ್ಸರೆಯರು ವೀರನನ್ನು ತೋಳು ಹಿಡಿದು ಎತ್ತಿಕೊಂಡು ಹೋಗುವುದು, ಮೇಲೆ ಲಿಂಗದ ಎದುರು ಅವನು ಕೈಮುಗಿದು ಕೂತಿರುವುದು, ತುದಿಯಲ್ಲಿ ಸೂರ್ಯ ಚಂದ್ರ. ಕೆಳಗಿನ ಮೂಲೆಯಲ್ಲಿ ನಾಲ್ಕು ದನ, ಒಂದರ ಮೇಲೊಂದು ಮೂತಿ ಹಾಕಿಕೊಂಡು. ಅಂದರೆ ತುರುಗೋಳು, ದನ ಹೊಡೆದುಕೊಂಡು ಹೋಗುವವರನ್ನು ತಡೆಯುವಾಗ ಆದ ಸಾವು. ವೀರಗಲ್ಲುಗಳಲ್ಲಿ ಸಾವಿನ ಬಗೆಗಳಿಗೆ ಬೇರೆ ಬೇರೆ ಹೆಸರಿದೆ: ತುರುಗೋಳು, ಊರಳಿವು, ಗಡಿಕಾಳಗ, ಪೆಣ್ಬುಯ್ಯಲ್. ಈ ಕೊನೆಯದು ಹೆಣ್ಣಿನ ಹುಯ್ಯಲು, ಹೆಂಗಸರ ಮೈಮೇಲೆ ಕೈ ಬಿದ್ದಾಗ ಎದ್ದ ಕೂಗು. ಈ ಪಟ್ಟಿ ನೋಡಿದರೇ ತಿಳಿಯುತ್ತದೆ, ಯುದ್ಧ ಎಲ್ಲೋ ದೂರದ ರಣಭೂಮಿಯಲ್ಲಿ ನಡೆದು ಮನೆಗೆ ಸುದ್ದಿ ಮಾತ್ರ ಬರುತ್ತಿರಲಿಲ್ಲ. ಅದು ದನದ ಕೊಟ್ಟಿಗೆಗೆ, ನೀರಿನ ದಾರಿಗೆ, ಹಿತ್ತಲಿಗೆ ಬರುತ್ತಿತ್ತು. ಪೆಣ್ಬುಯ್ಯಲಿನ ಕಲ್ಲುಗಳಲ್ಲಿ ಕಾದಿ ಸತ್ತವನಿಗೆ ಹೆಸರಿರುತ್ತದೆ. ಯಾರ ಹುಯ್ಯಲು ಕೇಳಿ ಅವನು ಓಡಿದನೋ ಅವರು ಬರೀ ‘ಪೆಂಡಿರ್’, ಹೆಂಗಸರು.

ಅನೇಕ ವೀರಗಲ್ಲುಗಳ ಮೇಲೆ ಕೊರೆದ ಶ್ಲೋಕ ಒಂದಿದೆ. ‘ಜಿತೇನ ಲಭ್ಯತೇ ಲಕ್ಷ್ಮೀ ಮೃತೇನಾಪಿ ಸುರಾಂಗನಾ’, ಗೆದ್ದರೆ ಸಿರಿ, ಸತ್ತರೆ ದೇವಕನ್ಯೆ. ಕ್ಷಣದಲ್ಲಿ ಅಳಿಯುವ ದೇಹ, ರಣದಲ್ಲಿ ಸಾವಿಗೇಕೆ ಚಿಂತೆ. ನಡುವಿನ ಅಂತಸ್ತಿನ ಅಪ್ಸರೆಯರು ಈ ಮಾತಿನ ಚಿತ್ರ. ಹಾಗೆ ಹೋದವನ ಮನೆಯ ಹೆಂಡತಿಯ ಚಿಂತೆಗೆ ಶ್ಲೋಕದಲ್ಲಿ ಜಾಗವಿಲ್ಲ. ಅವಳ ಪಾಲು ಬರುವುದು ಶಾಸನದ ತೀರ ಕೊನೆಯಲ್ಲಿ, ದಾನದ ಸಾಲಿನಲ್ಲಿ: ಬಾಳ್ಗಚ್ಚು, ಕಲ್ನಾಟು, ನೆತ್ತರುಗೊಡಗೆ. ಸತ್ತವನ ನೆತ್ತರಿಗೆ ಬದಲಾಗಿ ಅವನ ಮನೆಗೆ ಬಿಟ್ಟ ಭೂಮಿ. ಅದರ ಅಳತೆ ಬಿತ್ತನೆಯಿಂದ, ಇಷ್ಟು ಕೊಳಗ, ಇಷ್ಟು ಕಂಡುಗ ಬಿತ್ತುವ ನೆಲ ಎಂದು. ಇಪ್ಪತ್ತು ಕೊಳಗ ಒಂದು ಕಂಡುಗ. ಒಂದೇ ಕಂಡುಗವಾದರೂ ಮಳೆ ನಂಬಿದ ಬೆದ್ದಲು ಗದ್ದೆಗಿಂತ ಎಷ್ಟೋ ಪಟ್ಟು ಅಗಲ, ಏಕೆಂದರೆ ರಾಗಿ ಸಣ್ಣ ಕಾಳು, ಭತ್ತದಷ್ಟು ಒತ್ತಾಗಿ ಚೆಲ್ಲುವುದಿಲ್ಲ. ಹಾಗಾಗಿ ಶಾಸನದಲ್ಲಿ ಅಳತೆ ಓದಿದಾಗ ಕೆರೆ ಕೆಳಗಿನ ನೆಲವೋ ಮೇಲಿನದೋ ಎಂದು ನೋಡದೆ ಎಕರೆಗೆ ತಿರುಗಿಸಬಾರದು.

ಗಂಡ ಸತ್ತಮೇಲೂ ಬದುಕಿ, ಹೆಸರು ಉಳಿಸಿಕೊಂಡ ಹೆಣ್ಣು ಇಲ್ಲವೇ? ಇದ್ದಾಳೆ. ಶಿವಮೊಗ್ಗ ಜಿಲ್ಲೆಯ ಬಂದಳಿಕೆಯಲ್ಲಿರುವ, ಹತ್ತನೆಯ ಶತಮಾನದ ಆರಂಭದ ಶಾಸನದ ಜಕ್ಕಿಯಬ್ಬೆ. ನಾಗರಖಂಡ ಎಪ್ಪತ್ತು ಎಂಬ ನಾಡಿನ ನಾಳ್ಗಾವುಂಡ, ಅಂದರೆ ನಾಡಗೌಡನಾಗಿದ್ದ ಗಂಡ ತೀರಿಕೊಂಡಾಗ ರಾಷ್ಟ್ರಕೂಟ ಅರಸ ಆ ಅಧಿಕಾರವನ್ನು ಅವಳಿಗೇ ಕೊಟ್ಟ. ಚೆನ್ನಾಗಿ ಆಳಿದಳು ಎಂದು ಶಾಸನ ಹೊಗಳುತ್ತದೆ. ಕೊನೆಗೆ ರೋಗ ಬಂದಾಗ ಜೈನ ವ್ರತ ಹಿಡಿದು ದೇಹ ಬಿಟ್ಟಳು. ಆದರೆ ಅದು ನಾಳ್ಗಾವುಂಡನ ಮನೆ. ವೀರಗಲ್ಲು ಗಂಡಸರ ಮಟ್ಟಿಗೆ ಉದಾರ. ಆಳಿಗೂ ಕಲ್ಲು ನಿಲ್ಲುತ್ತಿತ್ತು. ಬೆಂಗಳೂರು ಎಂಬ ಹೆಸರು ಮೊದಲು ಕಾಣುವ ಬೇಗೂರಿನ ಕಲ್ಲೇ ನಾಗತ್ತರ ಎಂಬ ಅಧಿಕಾರಿಯ ಮನೆವಗತಿಯ, ಅಂದರೆ ಮನೆಯಾಳಿನ ಹೆಸರು ಹೊತ್ತಿದೆ. ಆಳಿಗೆ ಹನ್ನೊಂದು ಶತಮಾನ ಬಾಳುವ ಹೆಸರು ಸಿಕ್ಕಿತು. ಆಳಿನ ಮನೆಯ ಹೆಂಗಸಿಗೆ ಹಾಗೆ ಉಳಿದ ಹೆಸರನ್ನು ಈ ಸೀಮೆಯಲ್ಲಿ ತಿರುಗಿದಷ್ಟು ದಿನ ನಾವು ಕಂಡಿಲ್ಲ.

ಹನ್ನೊಂದರ ಹೊತ್ತಿಗೆ ಬಿಸಿಲು ನೆತ್ತಿಗೇರಿ ಅಕ್ಷರ ಮಾಯವಾದವು. ಆವಣಿಗೆ ಹೊರಟೆವು.

ಆವಣಿ ಊರಿನೊಳಗೆ ಒಂದೇ ಪ್ರಾಕಾರದಲ್ಲಿ ರಾಮಲಿಂಗೇಶ್ವರ, ಲಕ್ಷ್ಮಣೇಶ್ವರ, ಭರತೇಶ್ವರ, ಶತ್ರುಘ್ನೇಶ್ವರ ಗುಡಿಗಳು, ನೊಳಂಬರ ಕಾಲದವು. ವ್ಯವಸ್ಥೆ ಚೆನ್ನಾಗಿದೆ, ಹುಲ್ಲು ಕತ್ತರಿಸಿದ್ದಾರೆ, ಹನ್ನೆರಡರ ಬಿಸಿಲಲ್ಲೂ ಒಳಗೆ ತಂಪು. ಸ್ಥಳದ ಕಥೆ ಎಲ್ಲರಿಗೂ ಗೊತ್ತು: ಲವಕುಶರ ಮೇಲೆ, ಅಂದರೆ ಸ್ವಂತ ಮಕ್ಕಳ ಮೇಲೆ ಯುದ್ಧ ಮಾಡಿದ ಪಾಪ ಕಳೆಯಲು ಅಣ್ಣತಮ್ಮಂದಿರು ಇಲ್ಲಿ ಲಿಂಗ ಸ್ಥಾಪಿಸಿದರು. ಅಣ್ಣತಮ್ಮಂದಿರ ಗುಡಿಗಳು ಕೆಳಗೆ, ನೆರಳಲ್ಲಿ, ಒಟ್ಟಿಗೆ. ಸೀತೆಯ ಗುಡಿ ಬೆಟ್ಟದ ತುದಿಯಲ್ಲಿ.

ಬೆಟ್ಟ ಹತ್ತಲು ಮೂರೂವರೆಗೆ ಹೊರಟರೆ ಸರಿ. ಬಂಡೆಯ ಮೇಲೆ ಕಡಿದ ಮೆಟ್ಟಿಲು ಕೆಲವೆಡೆ ನುಣುಪಾಗಿದೆ, ಚಪ್ಪಲಿ ಜಾರುತ್ತದೆ. ಮಂಗಗಳಿವೆ, ಕೈಯಲ್ಲಿ ಹಣ್ಣುಕಾಯಿ ಕಾಣುವಂತೆ ಹಿಡಿಯಬಾರದು. ನಮ್ಮ ಒಂದು ಚೀಲ ಬಾಳೆಹಣ್ಣು ಅರ್ಧ ದಾರಿಯಲ್ಲೇ ಹೋಯಿತು. ದಾರಿಯಲ್ಲಿ ವಾಲ್ಮೀಕಿ ಆಶ್ರಮವೆನ್ನುವ ಗುಹೆ, ಲವಕುಶರು ಹುಟ್ಟಿದ ಜಾಗ. ಮಕ್ಕಳಾಗದವರು ಬಂದು ಹರಕೆ ಹೊತ್ತುಕೊಳ್ಳುತ್ತಾರೆ. ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ಇಳಿಯುತ್ತಿದ್ದ ಶ್ರೀನಿವಾಸಪುರ ಕಡೆಯ ಒಬ್ಬ ತಾಯಿ, ಹರಕೆ ತೀರಿಸಲು ಬಂದವರು, ನಿಂತು ಮಾತಾಡಿದರು.

“ರಾಮನ್ ಗುಡೀಗೆ ಹೋಗ್ಲಿಲ್ವಾ ಅಮ್ಮ?”

“ಬರ್ತಾ ಕೈ ಮುಗಿದೆ. ಆದ್ರೆ ಕೇಳಿದ್ದು ಈಯಮ್ಮನ್ನ. ಬಸುರೀನ ಆಚೆ ಹಾಕಿದ್ ಮೇಲೂ ಎರಡ್ ಮಕ್ಕಳನ್ನ ಸಾಕಿದೋಳು, ಕೊಡೋ ಕಷ್ಟ ಇವಳಿಗ್ ಗೊತ್ತು.”

ಯುದ್ಧದಲ್ಲಿ ಸೆರೆ ಸಿಕ್ಕಿ ಮರಳಿ ಬಂದ ಹೆಣ್ಣಿನ ಶೀಲದ ಪ್ರಶ್ನೆ ಈ ದೇಶದಲ್ಲಿ ಸೀತೆಯಷ್ಟು ಹಳೆಯದು. ಜನ ಹೇಳುವ ಕಥೆಯಲ್ಲಿ ಅನುಮಾನದ ಮಾತು ಬರುವುದು ಅಗಸನ ಬಾಯಲ್ಲಿ ಅನ್ನುವುದನ್ನು ಗಮನಿಸಬೇಕು. ಕಾಡಿಗೆ ಕಳಿಸಿದ್ದು ಅರಮನೆ. ಹೆಸರು ಕೆಟ್ಟಿದ್ದು ಬಟ್ಟೆ ಒಗೆಯುವವನದು. ಹೆಣ್ಣಿನ ಮೇಲೆ ಹೊರಿಸಿದ ಅಪವಾದವನ್ನು ಕೆಳಗಿನವನ ತಲೆಗೆ ಕಟ್ಟಿ ಮೇಲಿನವರು ಕೈ ತೊಳೆದುಕೊಳ್ಳುವುದು ಬೆಟ್ಟದ ಕೆಳಗಿನ ಊರುಗಳಲ್ಲೂ ನಡೆದೇ ಇರಬೇಕು.

ತುದಿಯಲ್ಲಿ ಗಾಳಿ ಜೋರು. ಆರು ಗಂಟೆಯೊಳಗೆ ಇಳಿದುಬಿಡಬೇಕು.

ಮೂರನೆಯ ದಿನ: ಬೇತಮಂಗಲ, ಕೆಜಿಎಫ್, ಕೆರೆ ಹಿಂದಿನ ಊರು

ಬೇತಮಂಗಲದ ಕೆರೆ ದಾಟಿ ಕೆಜಿಎಫ್. ಚಿನ್ನ ತೆಗೆದು ಉಳಿದ ಪುಡಿ ಸುರಿದ ಸೈನೈಡ್ ದಿಬ್ಬಗಳು ದೂರದಿಂದ ಬೂದು ಬೆಟ್ಟದಂತೆ ಕಾಣುತ್ತವೆ. ಗಾಳಿಯಿರುವ ಹೊತ್ತು ಹತ್ತಿರ ಹೋಗಬಾರದು, ಆ ಧೂಳು ಕಣ್ಣು ಗಂಟಲು ಉರಿಸುತ್ತದೆ. 2001ರ ಫೆಬ್ರುವರಿ ಕೊನೆಗೆ ಗಣಿ ಮುಚ್ಚಿತು. ಮಾರಿಕುಪ್ಪಂ ಬಳಿಯ ಟೀ ಅಂಗಡಿಯಲ್ಲಿ ತಮಿಳು, ತೆಲುಗು, ಕನ್ನಡ ಮೂರೂ ಒಂದೇ ಬೆಂಚಿನ ಮೇಲೆ ಕೂತಿದ್ದವು.

ಗಣಿಯ ಊರಿನಲ್ಲಿ ಕೂತಾಗ ನೆನಪಾಗಬೇಕಾದದ್ದು ಬ್ರಿಟಿಷ್ ಇಂಡಿಯಾದ ಕಲ್ಲಿದ್ದಲು ಗಣಿಗಳ ಕಥೆ. ಹೆಂಗಸರು ನೆಲದಡಿ ದುಡಿಯುವುದು ಅವರ ಆರೋಗ್ಯಕ್ಕೆ, ಮಾನಕ್ಕೆ ಸಲ್ಲದು ಎಂದು 1929ರ ನಿಯಮಗಳಿಂದ ಹಂತ ಹಂತವಾಗಿ ಅವರನ್ನು ಹೊರಗೆ ತಂದರು. ಎರಡನೆಯ ಮಹಾಯುದ್ಧ ಬಂತು, ಗಂಡಸರು ಮಿಲಿಟರಿ ಕಾಮಗಾರಿಗಳ ಹೆಚ್ಚು ಕೂಲಿಗೆ ಹೋದರು, ಕಲ್ಲಿದ್ದಲು ಸಾಲದೆ ಬಂತು. 1943ರಲ್ಲಿ ನಿಷೇಧ ಸಡಿಲಾಯಿತು, ಹೆಂಗಸರು ಮತ್ತೆ ಕೆಳಗಿಳಿದರು. ಯುದ್ಧ ಮುಗಿದ ಮೇಲೆ, 1946ರ ಫೆಬ್ರುವರಿಯಿಂದ ಮತ್ತೆ ನಿಷೇಧ. ಆಗ ವೈಸರಾಯ್ ಮಂಡಳಿಯಲ್ಲಿ ಕಾರ್ಮಿಕ ಖಾತೆ ಅಂಬೇಡ್ಕರ್ ಅವರದು. ನಿಷೇಧ ಸಡಿಲಿಸಿದ್ದು ತುರ್ತಿನ ಕ್ರಮ ಮಾತ್ರ ಎಂದು ಅವರು ಶಾಸನಸಭೆಯಲ್ಲಿ ಸಮರ್ಥಿಸಿಕೊಳ್ಳಬೇಕಾಯಿತು. ಆ ಹೆಂಗಸರಿಗೆ ಗಂಡಸರ ಸಮ ಕೂಲಿ ಅನ್ನುವ ನಿಯಮವನ್ನೂ ಅವರು ಮುಂದಿಟ್ಟರು. ಬುಟ್ಟಿ ಹೊತ್ತ ಹೆಣ್ಣಿನ ಮಾನದ ಅಳತೆ ಮೂರು ವರ್ಷದಲ್ಲಿ ಎರಡು ಸಲ ಬದಲಾಯಿತು. ಆ ಕೈಗಳಿಗೆ ಯಾರೂ ಕಲ್ಲು ನೆಡಲಿಲ್ಲ.

ಮಧ್ಯಾಹ್ನದ ಮೇಲೆ ಬಂಗಾರಪೇಟೆ ಕಡೆಗೆ ಹೊರಟಾಗ ಜಾಲಿಮುಳ್ಳು ಚುಚ್ಚಿ ಮುಂದಿನ ಚಕ್ರ ಕೂತಿತು. ಪಂಕ್ಚರ್ ಅಂಗಡಿಯ ಹುಡುಗ ಟ್ಯೂಬು ನೀರಿಗೆ ಅದ್ದುತ್ತ, “ನಮ್ಮೂರಾಗೂ ಒಂದ್ ಕಲ್ಲೈತೆ ಸಾರ್, ನಮ್ಮ ದೊಡ್ಡಮ್ಮನ ಹೊಲ್ದಾಗೆ” ಅಂದ. ಕೆರೆ ಏರಿ ಹಿಂದಿನ ಸಣ್ಣ ಊರು.

ದೊಡ್ಡಮ್ಮ ಕಣದಲ್ಲಿ ಅವರೆ ಬಿಡಿಸುತ್ತಿದ್ದರು. ಗಂಡ ತೀರಿ ಹದಿನೈದು ವರ್ಷ. ಮೊದಲು ತೋರಿಸಿದ್ದು ಕಲ್ಲನ್ನಲ್ಲ, ಹಗೇವನ್ನು, ಅಂದರೆ ಕಾಳು ತುಂಬಿಡುವ ನೆಲದೊಳಗಿನ ಕಣಜವನ್ನು. ಅಂಗಳದ ಮೂಲೆಯಲ್ಲಿ ಚಪ್ಪಡಿ ಮುಚ್ಚಿದ ಬಾಯಿ, ಒಬ್ಬರು ಇಳಿಯುವಷ್ಟು ಮಾತ್ರ; ಒಳಗೆ ಹೂಜಿಯ ಹೊಟ್ಟೆಯಂತೆ ಅಗಲ. ಗಟ್ಟಿ ಗೊರಚು ನೆಲದಲ್ಲಿ, ನೀರು ಹರಿಯದ ಎತ್ತರದಲ್ಲಿ ತೋಡಬೇಕು. ಸುತ್ತ ರಾಗಿ ಹುಲ್ಲು ಒತ್ತಾಗಿ ಕೊಟ್ಟು ರಾಗಿ ತುಂಬಿ, ಮೇಲೆ ಮತ್ತೆ ಹುಲ್ಲು, ಚಪ್ಪಡಿ, ಕೆಸರುಮಣ್ಣಿನ ಮೆತ್ತಿಗೆ. ಮಳೆನೀರು ಇಳಿದರೆ ಅಂಚಿನ ರಾಗಿ ಗಂಟುಕಟ್ಟಿ ಕಪ್ಪಾಗುತ್ತದೆ, ಆದರೆ ನಡುವಿನದು ಉಳಿಯುತ್ತದೆ. ತೆಗೆಯುವ ದಿನ ಬೆಳಗ್ಗೆ ಚಪ್ಪಡಿ ಸರಿಸಿ ಮಧ್ಯಾಹ್ನದವರೆಗೆ ಹಾಗೇ ಬಿಡಬೇಕು. ಆಮೇಲೆ ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಟ್ಟು ನೋಡಬೇಕು. ದೀಪ ಆರಿದರೆ ಯಾರೂ ಇಳಿಯಬಾರದು. ಕಾಳು ಉಸಿರಾಡಿ ಒಳಗಿನ ಗಾಳಿ ಕೆಟ್ಟಿರುತ್ತದೆ, ಆ ಭಾರದ ಗಾಳಿ ತಳದಲ್ಲೇ ನಿಲ್ಲುತ್ತದೆ. ಹುಳ ಬೀಳದಿರುವುದೂ ಅದೇ ಗಾಳಿಯಿಂದ. ಆತುರಪಟ್ಟು ಇಳಿದು ಸತ್ತವರ ಕಥೆ ಈ ಕಡೆ ಊರಿಗೊಂದಿದೆ.

“ನಮ್ಮತ್ತೆ ಹೇಳೋರು, ದನ ಹೊಡ್ಕೊಂಡ್ ಹೋಗ್ಬಹುದು, ಹಗೇವ್ನ ಹೊತ್ಕೊಂಡ್ ಹೋಗಕ್ಕಾಗಲ್ಲ ಅಂತ. ಬಾಯಿ ಎಲ್ಲಿದೆ ಅಂತ ಹೊರಗ್ನೋರಿಗೆ ಹೇಳ್ತಾ ಇರ್ಲಿಲ್ಲ.”

ದಾಳಿಯ ಕಾಲದಲ್ಲಿ ಊರು ಬದುಕಿದ್ದರ ಗುಟ್ಟು ಇದರಲ್ಲಿದೆ. ಗಂಡಸು ದನದ ಹಿಂದೆ ಓಡಿ ಸತ್ತ. ಮುಂದಿನ ಮಳೆಯವರೆಗೆ ಮಕ್ಕಳಿಗೆ ಮುದ್ದೆ ತಿರುವಿದ್ದು ನೆಲದೊಳಗಿನ ರಾಗಿಯನ್ನು ಅಳೆದು ತೆಗೆದ ಕೈ. ನೆತ್ತರುಗೊಡಗೆ ಬಂದರೂ ಅವಳು ತಾನೇ ಉಳುವಂತಿಲ್ಲ, ಹೆಣ್ಣು ನೇಗಿಲು ಹಿಡಿದರೆ ಮಳೆ ಹೋಗುತ್ತದೆ ಎಂಬ ಕಟ್ಟಳೆ. ಗಾವುಂಡನ ವಿಧವೆಗೆ ಆಳುಗಳಿದ್ದರು. ಆಳಿನ ವಿಧವೆ ಒಂದು ದಿನದ ಎತ್ತಿಗಾಗಿ ಇನ್ನೊಬ್ಬರ ಹೊಲದಲ್ಲಿ ಎಷ್ಟೋ ದಿನ ಕಳೆ ಕೀಳಬೇಕಾಗಿತ್ತು. ದೊಡ್ಡಮ್ಮ ಈಗಲೂ ಹಾಗೇ ಮಾಡುತ್ತಾರೆ, ಎತ್ತಿನ ಬದಲು ಟ್ರ್ಯಾಕ್ಟರ್: ಗಂಟೆಯ ಬಾಡಿಗೆ ಕೊಡಲು ಮೊದಲು ಪಕ್ಕದ ಟೊಮೆಟೊ ತೋಟದಲ್ಲಿ ಕೂಲಿ.

ಕಲ್ಲು ಹೊಲದ ಬದುವಿನಲ್ಲಿ ಪಶ್ಚಿಮಕ್ಕೆ ಮುಖ ಮಾಡಿ ನಿಂತಿತ್ತು. ಐದು ಗಂಟೆ. ದನ ಮೈ ಉಜ್ಜಿ ಉಜ್ಜಿ ಎಡಗಡೆಯ ಅಂಚು ಕನ್ನಡಿಯಾಗಿದೆ. ಒಂದು ಕೊಡ ನೀರು ಹಾಕಿದ ಮೇಲೆ ಹತ್ತನೆಯ ಶತಮಾನದ ಮೈಯ ದುಂಡು ಅಕ್ಷರಗಳು ಒಂದೊಂದಾಗಿ ಎದ್ದವು. ಅರಸನ ಹೆಸರಿನ ಜಾಗ ಸವೆದಿದೆ. ‘ತುರು’ ಸ್ಪಷ್ಟ. ‘ಕಾದಿ’ ಸ್ಪಷ್ಟ. ಸತ್ತವನ ಹೆಸರಿನ ಕೊನೆಯ ಎರಡು ಅಕ್ಷರ ಇದೆ. ಕೊನೆಯ ಸಾಲಿನಲ್ಲಿ ‘ಕೊಳಗ’ ಇದೆ, ಅದರ ಹಿಂದೆ ಎಷ್ಟು ಎನ್ನುವ ಜಾಗದಲ್ಲಿ ಚಕ್ಕೆ ಹಾರಿಹೋಗಿದೆ. ಆಮೇಲೆ ಇದನ್ನು ಅಳಿಸಿದವನಿಗೆ ಪಾತಕ ತಟ್ಟುವ ಮಾತು, ಅದು ಪೂರ್ತಿ ಉಳಿದಿದೆ.

ಟಾರ್ಚನ್ನು ನಾಲ್ಕೂ ಕಡೆಯಿಂದ ಹಿಡಿದು ನೋಡಿದೆವು. ಆ ಸಂಖ್ಯೆ ಸಿಗಲಿಲ್ಲ.

“ಏನ್ ಬರ್ದೈತೆ?” ದೊಡ್ಡಮ್ಮ ಕೇಳಿದರು.

“ದನ ಬಿಡಿಸೋಕ್ ಹೋಗಿ ಸತ್ತೋನ ಮನೆಗೆ ಹೊಲ ಕೊಟ್ರು ಅಂತ. ಎಷ್ಟ್ ಬಿತ್ತನೆ ಹೊಲ ಅನ್ನೋದು ಒಡೆದ್ಹೋಗೈತೆ ದೊಡ್ಡಮ್ಮ.”

“ಯಾವ್ ಹೊಲ? ಇದೇ ಇರ್ಬೇಕಲ್ಲ. ಇದಕ್ಕೆ ಕೊಡಗಿ ಹೊಲ ಅಂತಾನೇ ಕರೀತೀವಿ.” ಅವರು ಹುಣಸೆಮರದ ಕಡೆ ಕೈ ತೋರಿಸಿದರು. “ಆ ಮರದಿಂದ ಈ ಕಲ್ಲಿನ್ ತನ್ಕ. ಕೂರಿಗೇಲ್ ಬಿತ್ತಿದ್ರೆ ಐದ್ ಸೇರು, ಕೈಯಲ್ ಚೆಲ್ಲಿದ್ರೆ ಎಂಟು. ಬರ್ಕೊಳ್ಳಿ.”